ಮಡಿಯ ಮನೆ, ಮುಟ್ಟುವ ರೈಲು

ವಿಜ್ಞಾನವೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಬ್ರಹ್ಮಾವರದ ಹೈಸ್ಕೂಲಿನಲ್ಲಿ ವಿಜ್ಞಾನದ ಪೀರಿಯಡ್ ಬಂತೆಂದರೆ ಮುಂದಿನ ಬೆಂಚಿನ ಹುಡುಗಿಯ ಬೆನ್ನ ಹಿಂದೆ ಅಡಗಿ ಕೂತು ಕಾಲ ಕಳೆದವಳು ನಾನು. ಆಮೇಲೆ ಕಾಮರ್ಸ್ ಓದಿ, ಮದುವೆಯಾಗಿ ಮುಂಬಯಿ ಬಳಿಯ ಡೊಂಬಿವಲಿಗೆ ಬಂದು, ಠಾಣೆಯ ಒಂದು ಆಫೀಸಿನಲ್ಲಿ ಕುರ್ಚಿ ಹಿಡಿದ ಮೇಲೆ ಆ ಕಡೆ ತಲೆಹಾಕಿಯೂ ಮಲಗಲಿಲ್ಲ. ಆದರೆ ಒಂದು ಪಾಠದ ಮಟ್ಟಿಗೆ ನಾನು ಯಾವ ಪ್ರೊಫೆಸರರಿಗೂ ಸೋಲುವವಳಲ್ಲ. ಅದನ್ನು ಪುಸ್ತಕದಿಂದ ಕಲಿತದ್ದಲ್ಲ, ಮೈಯಿಂದ ಕಲಿತದ್ದು.

ಮಗಳು ಅನಘಾ ಎಂಟನೆಯ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಪುಸ್ತಕ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಅವಳ ಬಾಯಲ್ಲಿ ಕನ್ನಡ, ಮರಾಠಿ, ಹಿಂದಿ ಮೂರೂ ಒಂದೇ ಸೀಟಿನಲ್ಲಿ ಅಡ್ಜಸ್ಟ್ ಮಾಡಿಕೊಂಡು ಕೂತಿರುತ್ತವೆ. 'ಮಮ್ಮಿ, ಫೋರ್ಸ್ ಎರಡು ಟೈಪ್ ಇರ್ತದೆ. ಒಂದು ಮುಟ್ಟಿ ಕೆಲಸ ಮಾಡ್ತದೆ, ಇನ್ನೊಂದು ಮುಟ್ಟದೇ ಮಾಡ್ತದೆ. ಎರಡಕ್ಕೂ ನಮ್ಮದೇ ಉದಾಹರಣೆ ಬರೀಬೇಕಂತೆ. ಲವ್ಕರ್ ಸಾಂಗ್ ನಾ' ಎಂದಳು, ಬೇಗ ಹೇಳು ಎಂದು. ನಮ್ಮ ಕಾಲದ ಪುಸ್ತಕದಲ್ಲಿ ಇವಕ್ಕೆ ಸಂಪರ್ಕ ಬಲ, ಸಂಪರ್ಕರಹಿತ ಬಲ ಎಂದು ಹೆಸರಿತ್ತು. ಎತ್ತು ಗಾಡಿ ಎಳೆಯುವುದು ಮೊದಲನೆಯದು. ಅಯಸ್ಕಾಂತ ದೂರದಿಂದಲೇ ಗುಂಡುಸೂಜಿಯನ್ನು ಸೆಳೆಯುವುದು ಎರಡನೆಯದು. ನಾನು ಲಟ್ಟಣಿಗೆ ಕೆಳಗಿಟ್ಟು, 'ಮೊದಲನೆಯದಕ್ಕೆ ಡೊಂಬಿವಲಿ ಸ್ಟೇಶನ್ ಅಂತ ಬರಿ. ಎರಡನೆಯದಕ್ಕೆ ಅಜ್ಜಿ ಅಂತ ಬರಿ' ಎಂದೆ. ತಮಾಷೆಗೆ ಹೇಳಿದ್ದು. ಹೇಳಿ ಆದ ಮೇಲೆ, ಇದಕ್ಕಿಂತ ಸರಿಯಾದ ಉತ್ತರ ಇರಲಿಕ್ಕಿಲ್ಲ ಎಂದು ನನಗೇ ಅನಿಸಿತು.

ಮೊದಲು ಸ್ಟೇಶನ್ನಿನ ವಿಷಯ ಹೇಳಿಬಿಡುತ್ತೇನೆ. ಬೆಳಗಿನ ಎಂಟರ ಹೊತ್ತಿಗೆ ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತು ಗೊತ್ತಿದ್ದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಬಹುದು. ಅಲ್ಲಿ ಯಾರೂ ರೈಲು ಹತ್ತುವುದಿಲ್ಲ, ರೈಲಿನೊಳಗೆ ಹಾಕಲ್ಪಡುತ್ತಾರೆ. ಲೇಡೀಸ್ ಡಬ್ಬದ ಬಾಗಿಲು ಎಲ್ಲಿ ಬಂದು ನಿಲ್ಲುತ್ತದೆಂದು ಅಂದಾಜು ಮಾಡಿ, ಅಲ್ಲಿ ಪರ್ಸನ್ನು ಎದೆಗೆ ಅವುಚಿಕೊಂಡು ನಿಂತರೆ ನಿಮ್ಮ ಕೆಲಸ ಮುಗಿಯಿತು. ಉಳಿದದ್ದು ಹಿಂದಿನವರ ಜವಾಬ್ದಾರಿ. ಮದುವೆಯಾದ ಹೊಸತರಲ್ಲಿ ನಾನು ಊರಿನ ಬಸ್ಸು ಹತ್ತುವ ಹಾಗೆ, ಇಳಿಯುವವರು ಇಳಿಯಲಿ ಎಂದು ಮರ್ಯಾದೆಯಿಂದ ಪಕ್ಕಕ್ಕೆ ನಿಂತು ಒಂದರ ಮೇಲೊಂದು ರೈಲು ಬಿಡುತ್ತಿದ್ದೆ. ಒಂದು ದಿನ ಹಿಂದಿದ್ದ ಹೆಂಗಸೊಬ್ಬಳು 'ಚಲಾ ಹೋ ಪುಢೇ', ಮುಂದೆ ನಡಿ ಎಂದು ಬೆನ್ನಿಗೆ ಕೈಯಿಟ್ಟಳು ನೋಡಿ, ಕಣ್ಣು ಬಿಟ್ಟಾಗ ನಾನು ಒಳಗಿದ್ದೆ. ಒಂದು ಚಪ್ಪಲಿ ಮಾತ್ರ ಪ್ಲಾಟ್‌ಫಾರ್ಮಿನಲ್ಲೇ ಉಳಿದಿತ್ತು. ಇನ್ನೊಂದು ಸಲ ಮುಂಬ್ರಾದಲ್ಲಿ ಇಳಿಯುವವರ ನಡುವೆ ಸಿಕ್ಕಿ, ನನ್ನ ಒಪ್ಪಿಗೆ ಕೇಳದೆ ನಾನೂ ಇಳಿದೆ. ಏನು ಮಾಡುವುದೆಂದು ತೋಚದೆ ನಿಂತಲ್ಲೇ ತಿರುಗಿದೆ. ಹತ್ತುವವರು ನನ್ನನ್ನು ಮತ್ತೆ ಅದೇ ಡಬ್ಬದೊಳಗೆ ಹಾಕಿದರು. ಅಷ್ಟೂ ಪ್ರಯಾಣದಲ್ಲಿ ನಾನಾಗಿ ಮಾಡಿದ ಕೆಲಸವೆಂದರೆ ಆ ತಿರುಗಿದ್ದು ಒಂದೇ.

ಆದರೆ ಆ ದೂಡುವಿಕೆಯಲ್ಲಿ ದ್ವೇಷವಿರುವುದಿಲ್ಲ. ನಿಮ್ಮ ಪಕ್ಕೆಗೆ ಮೊಣಕೈ ಇಟ್ಟವಳೇ ಮುಂದಿನ ಸ್ಟೇಶನ್ನಿನಲ್ಲಿ ನಿಮ್ಮ ಟಿಫಿನ್ ಚೀಲವನ್ನು ತನ್ನ ತೊಡೆಯ ಮೇಲಿಟ್ಟುಕೊಳ್ಳುತ್ತಾಳೆ. ನಿಂತಲ್ಲೇ ಒಬ್ಬಳು ಇನ್ನೊಬ್ಬಳ ಕೂದಲಿಗೆ ಕ್ಲಿಪ್ ಹಾಕುತ್ತಾಳೆ. ಕೂತವರು ರಾತ್ರಿಯ ಪಲ್ಯಕ್ಕೆ ಮೆಂತ್ಯ ಸೊಪ್ಪು ಬಿಡಿಸುತ್ತಾರೆ. ಘರ್ಷಣೆ ಎಂಬ ಬಲ ಇಲ್ಲದಿದ್ದರೆ ಮನುಷ್ಯ ಒಂದು ಹೆಜ್ಜೆಯೂ ನಡೆಯಲಾರ, ಕಾಲು ಜಾರುತ್ತಲೇ ಇರುತ್ತದೆ ಎಂದು ಅನಘಾಳ ಪುಸ್ತಕದಲ್ಲಿ ಓದಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಮಳೆಗಾಲದಲ್ಲಿ ಸ್ಟೇಶನ್ನಿನ ಮೆಟ್ಟಿಲಿಳಿದು ಬಲ್ಲವರಿಗೆ ಆ ಬಲದ ಮೇಲೆ ಭಕ್ತಿಯೇ ಇರುತ್ತದೆ.

ಮುಟ್ಟದ ಬಲಗಳದ್ದು ಬೇರೆಯೇ ದರ್ಬಾರು. ಭೂಮಿ ನಮ್ಮನ್ನೆಲ್ಲ ಕೆಳಗೆ ಎಳೆದುಕೊಂಡಿದೆ, ಹಗ್ಗವಿಲ್ಲ, ಕೊಕ್ಕೆಯಿಲ್ಲ. ಚಂದ್ರ ಅಷ್ಟು ದೂರ ಕೂತು ನಮ್ಮ ಠಾಣೆಯ ಕಡಲ ಖಾರಿಯ ನೀರನ್ನು ಏರಿಸಿ ಇಳಿಸುತ್ತಾನೆ. ಬಾಚಣಿಗೆಯನ್ನು ಒಣ ಕೂದಲಿಗೆ ಉಜ್ಜಿ ಕಾಗದದ ಚೂರುಗಳ ಹತ್ತಿರ ಹಿಡಿದರೆ ಅವು ಹಾರಿ ಬಂದು ಅಂಟಿಕೊಳ್ಳುತ್ತವೆ. ಈ ಕೊನೆಯದನ್ನು ಅನಘಾ ಮನೆಯಲ್ಲಿ ಮಾಡಿ ನೋಡಲು ಹೊರಟಳು, ಅದೂ ಜುಲೈ ತಿಂಗಳಲ್ಲಿ. ಹೊರಗೆ ಧೋ ಎಂದು ಮಳೆ, ಒಳಗೆ ಗೋಡೆಯೂ ಬೆವರುವ ಹವೆ. ಅರ್ಧ ಗಂಟೆ ಉಜ್ಜಿದರೂ ಒಂದು ಚೂರೂ ಮಿಸುಕಲಿಲ್ಲ. ದೇವರ ಮುಂದೆ ಕೂತು ಬತ್ತಿ ಹೊಸೆಯುತ್ತಿದ್ದ ನನ್ನ ಅತ್ತೆ ಇದನ್ನೆಲ್ಲ ನೋಡುತ್ತಿದ್ದವರು, 'ನಿನ್ನ ಅಮ್ಮ ಬೆಳಿಗ್ಗೆ ಅಷ್ಟು ತೆಂಗಿನೆಣ್ಣೆ ಹಾಕಿದ್ದಾಳೆ. ಆ ತಲೆಗೆ ಉಜ್ಜಿದರೆ ಎಂತ ಹಾರುದು? ಮಂಡೆಗೆ ಮಿಂದು ಬಾ' ಎಂದರು. ಎಣ್ಣೆ ಮತ್ತು ತೇವ ಎರಡೂ ಆ ಪ್ರಯೋಗಕ್ಕೆ ಆಗಿಬರುವುದಿಲ್ಲವೆಂದು ಪುಸ್ತಕದ ಕೊನೆಯ ಸಾಲಿನಲ್ಲಿ ಇತ್ತು. ನಾವು ಅಷ್ಟು ದೂರ ಓದಿರಲಿಲ್ಲ.

ಈ ಅತ್ತೆಯೇ ನಾನು ಹೇಳಿದ ಎರಡನೆಯ ಉದಾಹರಣೆ. ಸುಭದ್ರಮ್ಮ ಎಂದು ಹೆಸರು. ಆಳು ಎಷ್ಟು ಎಂದರೆ, ನಮ್ಮ ಫ್ರಿಜ್ಜಿನ ಪಕ್ಕ ನಿಂತರೆ ಫ್ರಿಜ್ಜೇ ಹಿರಿಯದಾಗಿ ಕಾಣುತ್ತದೆ. ಆದರೆ ಬೆಳಿಗ್ಗೆ ಸ್ನಾನ ಮುಗಿಸಿ, ಎತ್ತರದ ಹಗ್ಗದಿಂದ ಕೋಲಿನಲ್ಲಿ ತೆಗೆದ ಮಡಿಸೀರೆ ಉಟ್ಟು ಬಚ್ಚಲಿನ ಬಾಗಿಲು ತೆರೆದರೋ, ಅಲ್ಲಿಂದ ಪೂಜೆ ಮುಗಿದು ನೈವೇದ್ಯ ಆಗುವ ತನಕ ಯಾರೂ ಅವರನ್ನು ಮುಟ್ಟುವ ಹಾಗಿಲ್ಲ. ಅವರು ಮುಟ್ಟಿಸಿಕೊಳ್ಳುವ ಹಾಗಿಲ್ಲ. ಊರಿನ ದೊಡ್ಡ ಮನೆಯಲ್ಲಿ ಇದೇನು ಮಹಾ. ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ಮಾಡಿ ತೋರಿಸಬೇಕು. ನಮ್ಮ ಪ್ಯಾಸೇಜಿನಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಹಿಂದಕ್ಕೆ ನಡೆಯಬೇಕು.

ಆ ಹೊತ್ತಿಗೆ ನಮ್ಮ ಮನೆಯನ್ನು ಯಾರಾದರೂ ಮೇಲಿನಿಂದ ನೋಡಿದ್ದರೆ ಪಾಠಕ್ಕೆ ಬೇರೆ ಚಿತ್ರ ಬೇಕಾಗುತ್ತಿರಲಿಲ್ಲ. ಅತ್ತೆ ಬಚ್ಚಲಿನಿಂದ ಹೊರಟರೆ ಫ್ಯಾಕ್ಟರಿಯ ಶಿಫ್ಟಿಗೆ ಹೊರಟ ನನ್ನ ಗಂಡ ಸೋಫಾದ ಮೇಲೆ ಕಾಲೆತ್ತಿ ಕೂರುತ್ತಾರೆ. ಅನಘಾ ಯೂನಿಫಾರ್ಮಿನಲ್ಲೇ ಬಾಗಿಲ ಹಿಂದೆ ಸೇರುತ್ತಾಳೆ. ನಾನು ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಸೀರೆಯ ನಿರಿಗೆ ಹಿಡಿದುಕೊಂಡೇ ಗೋಡೆಗೆ ಅಂಟಿ ನಿಲ್ಲುತ್ತೇನೆ. ಒಂದು ಮಾತಿಲ್ಲ, ಒಂದು ಸನ್ನೆಯಿಲ್ಲ. ಅವರು ದೇವರ ಗೂಡಿನ ಮುಂದೆ ಕೂತ ಮೇಲೆ ನಾವೆಲ್ಲ ನಮ್ಮ ನಮ್ಮ ಜಾಗಕ್ಕೆ ಬರುತ್ತೇವೆ. ಅಯಸ್ಕಾಂತದ ಒಂದೇ ಜಾತಿಯ ಧ್ರುವಗಳು ಒಂದನ್ನೊಂದು ದೂಡುತ್ತವೆ ಎಂದು ಓದುವಾಗ ಅನಘಾ ನನ್ನ ಮುಖ ನೋಡಿ ನಕ್ಕಳು.

ಸುಳ್ಳೇಕೆ ಹೇಳಲಿ, ನನಗೆ ಈ ಮಡಿಯ ಮೇಲೆ ಸಿಟ್ಟಿತ್ತು. ರೈಲಿನ ಹೊತ್ತಿಗೆ ಒಬ್ಬರು ಸುತ್ತ ಕಾಣದ ಬೇಲಿ ಹಾಕಿಕೊಂಡು ನಿಧಾನಕ್ಕೆ ನಡೆದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಮಡಿಯ ಹೆಸರಿನಲ್ಲಿ ನಮ್ಮವರು ಯಾರು ಯಾರನ್ನು ಅಂಗಳದಲ್ಲೇ ನಿಲ್ಲಿಸಿದರು ಎಂಬುದೂ ನನಗೆ ಗೊತ್ತು; ಅದನ್ನು ನಾನು ಹೊಗಳಲಾರೆ. ಅತ್ತೆಯ ಪರವಾಗಿ ಹೇಳಬಹುದಾದದ್ದು ಇಷ್ಟೆ: ಅವರ ಬೇಲಿಯ ಹೊರಗೆ ಹೆತ್ತ ಮಗನೂ ಇದ್ದ, ನಾನೂ ಇದ್ದೆ, ಗ್ಯಾಸಿನವನೂ ಇದ್ದ. ಮಡಿ ಮುಗಿದ ಮೇಲೆ ಗ್ಯಾಸಿನವನನ್ನು ಕೂರಿಸಿ ಮಜ್ಜಿಗೆ ಕೊಡುತ್ತಿದ್ದವರೂ ಅವರೇ. ಅವರಿಗೆ ಅದು ಯಾರ ಮೇಲಿನ ತಿರಸ್ಕಾರವೂ ಆಗಿರಲಿಲ್ಲ, ದಿನಕ್ಕೊಮ್ಮೆ ಮಾಡುವ ಕಟ್ಟುನಿಟ್ಟಿನ ಕಸರತ್ತಾಗಿತ್ತು. ಜ್ವರ ಬಂದರೂ ಬಿಡಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು, ಅದರ ಬೆನ್ನಿಗೇ ಒಂದು ಬೆರಗೂ ಬರುತ್ತಿತ್ತು.

ಮೂರನೆಯ ಮಾಳಿಗೆಯಲ್ಲಿ ಜೋಶಿ ಸರ್ ಇದ್ದಾರೆ, ಕಲ್ಯಾಣದ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿ ನಿವೃತ್ತರಾದವರು. ಅನಘಾಳ ಅನುಮಾನ ಪರಿಹರಿಸಲು ಬಂದವರು ನಮ್ಮ ಮನೆಯ ಚಹಾ ಕುಡಿಯುತ್ತ ಒಂದು ಬಾಂಬು ಹಾಕಿದರು. ಮುಟ್ಟಿ ಮಾಡುವ ಬಲ ಎಂಬುದು ಶಾಲೆಯ ಮಟ್ಟಕ್ಕೆ ಸರಿ; ಒಳಗಿಳಿದು ನೋಡಿದರೆ ಮುಟ್ಟುವುದು ಎಂಬುದು ನಾವು ತಿಳಿದ ಹಾಗೆ ಇಲ್ಲವೇ ಇಲ್ಲ ಎಂದರು. ಎರಡು ವಸ್ತು ತೀರ ಹತ್ತಿರ ಬಂದಾಗ ಇದರ ಅಣುಗಳ ಹೊರಮೈಯ ಎಲೆಕ್ಟ್ರಾನುಗಳು ಅದರವನ್ನು ದೂಡುತ್ತವಂತೆ, ಅವು ಇವನ್ನು ದೂಡುತ್ತವಂತೆ. ಕುರ್ಚಿಯ ಮೇಲೆ ಕೂತವರನ್ನು ಎತ್ತಿ ಹಿಡಿದಿರುವುದು ಆ ದೂಡುವಿಕೆಯೇ. ನಡುವೆ ಯಾವತ್ತೂ ಒಂದಿಷ್ಟು ಸಂದು ಇದ್ದೇ ಇರುತ್ತದೆ. ಅವರು ಅತ್ತೆಯ ಕಡೆ ತಿರುಗಿ, 'ಖರಂ ಮ್ಹಣಜೆ ಆಜಿ, ಕೋಣೀ ಕೋಣಾಲಾ ಶಿವತಚ್ ನಾಹೀ' ಎಂದರು. ನಿಜ ಹೇಳಬೇಕೆಂದರೆ ಅಜ್ಜಿ, ಯಾರೂ ಯಾರನ್ನೂ ಮುಟ್ಟುವುದೇ ಇಲ್ಲ ಎಂದು.

ಅತ್ತೆಗೆ ಮರಾಠಿ ಚೆನ್ನಾಗಿ ಅರ್ಥವಾಗುತ್ತದೆ. ನನ್ನ ಹತ್ತಿರ ಕನ್ನಡದಲ್ಲಿ, 'ಹಾಗಾದ್ರೆ ಇವರ ಲೆಕ್ಕದಲ್ಲಿ ಇಡೀ ಲೋಕವೇ ಮಡಿಯಲ್ಲಿ ಉಂಟು ಅಂತಾಯ್ತು. ಒಳ್ಳೇದೇ. ನಾನೊಬ್ಬಳು ಮಾಡುದು ತಪ್ಪಲ್ಲ ಅಂತ ಹೇಳು ಅವರಿಗೆ' ಎಂದರು. ನಾನು ಹೇಳಿದೆ. ಜೋಶಿ ಸರ್ ಚಹಾದ ಕಪ್ಪು ಕೆಳಗಿಟ್ಟು ಕೈ ಮುಗಿದರು. ವಿಜ್ಞಾನದಿಂದ ಮಡಿ ಬಿಡಿಸಬಹುದೆಂದು ನಾನು ಒಳಗೊಳಗೇ ಹಾಕಿದ್ದ ಲೆಕ್ಕ ಹೀಗೆ ತಲೆಕೆಳಗಾಯಿತು.

ಅತ್ತೆಗೆ ಒಬ್ಬಳೇ ತಂಗಿ. ಸರಸ್ವತಿ ಎಂದು ಹೆಸರು, ಅತ್ತೆಯ ಬಾಯಲ್ಲಿ ಸರಸು, ನಮಗೆಲ್ಲ ಚಿಕ್ಕಮ್ಮ. ಅಕ್ಕ ಮದುವೆಯಾಗಿ ಡೊಂಬಿವಲಿಗೆ ಬಂದರೆ ತಂಗಿ ನವಿ ಮುಂಬಯಿಯ ನೆರೂಳಿಗೆ ಬಂದರು. ತಂಗಿಯದ್ದು ಬೇರೆಯೇ ಸ್ವಭಾವ. ಬಾಲವಾಡಿಯಲ್ಲಿ ಟೀಚರಾಗಿ, ದಿನವಿಡೀ ಮೂಗು ಸೋರುವ ಮಕ್ಕಳನ್ನು ಎತ್ತಿ ಆಡಿಸಿದವರಿಗೆ ಮಡಿ ಎಲ್ಲಿಂದ ಬರಬೇಕು? ಇಬ್ಬರೂ ವರ್ಷಕ್ಕೊಮ್ಮೆ ಯಾರದಾದರೂ ಮುಂಜಿಯಲ್ಲೋ ಮದುವೆಯಲ್ಲೋ ಸಿಕ್ಕಿದರೆ ಹೆಚ್ಚು. ಉಳಿದಂತೆ ಫೋನು. ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಸ್ಟೂಲಿನ ಮೇಲೆ ಕೂತು, 'ಎಂತ ಮಾಡಿದ್ದೆ ಇವತ್ತು?' ಎಂದು ಶುರು ಮಾಡಿದರೆ ಆ ಕಡೆಯ ಸಾರು, ಈ ಕಡೆಯ ಹುಳಿ, ಸತ್ತವರು, ಹುಟ್ಟಿದವರು ಎಲ್ಲ ಮುಗಿಯುವ ಹೊತ್ತಿಗೆ ಚಹಾದ ಸಮಯವಾಗುತ್ತಿತ್ತು. ದೂರ ಹೆಚ್ಚಿದಷ್ಟೂ ಬಲ ಕಡಿಮೆಯಾಗುತ್ತದೆ ಎಂಬ ನಿಯಮ ಇವರಿಬ್ಬರಿಗೆ ಅನ್ವಯಿಸಿದ್ದು ನಾನು ಕಂಡಿಲ್ಲ.

ನೆರೂಳಿಗೆ ಹೋಗಿಬರಲು ಅತ್ತೆಗೆ ಇದ್ದ ಅಡ್ಡಿ ಒಂದೇ, ಲೋಕಲ್ ರೈಲು. ಡೊಂಬಿವಲಿಯಿಂದ ಠಾಣೆಗೆ ಒಂದು, ಅಲ್ಲಿಂದ ನೆರೂಳಿಗೆ ಇನ್ನೊಂದು. ಬಹಳ ಹಿಂದೆ ಒಮ್ಮೆ ಹತ್ತಿದವರು ಮನೆಗೆ ಬಂದು ಮೂರು ಸಲ ಮಿಂದು, ಇನ್ನು ಈ ಜನ್ಮದಲ್ಲಿ ಬೇಡ ಎಂದಿದ್ದರು. ಆಮೇಲೆ ಎಲ್ಲಿಗೆ ಹೋಗುವುದಾದರೂ ಮಗ ಕಾರು ಗೊತ್ತು ಮಾಡಬೇಕು, ಶೀಳಫಾಟಾದ ಟ್ರಾಫಿಕ್ಕಿನಲ್ಲಿ ಅರ್ಧ ದಿನ ಕೂರಬೇಕು. ಅದಕ್ಕೆ ಅವರ ತಕರಾರಿರಲಿಲ್ಲ, ಯಾಕೆಂದರೆ ಕಾರಿನಲ್ಲಿ ಯಾರೂ ಮೈಮೇಲೆ ಬೀಳುವುದಿಲ್ಲ.

ಆ ವರ್ಷ ಶ್ರಾವಣದ ಒಂದು ಬೆಳಿಗ್ಗೆ ಚಿಕ್ಕಮ್ಮನ ಮಗನ ಫೋನು ಬಂತು. ಹಿಂದಿನ ದಿನವೇ ಅವರಿಗೆ ಎದೆನೋವು ಬಂದು ನೆರೂಳಿನ ಆಸ್ಪತ್ರೆಗೆ ಸೇರಿಸಿದ್ದರು. ಆ ಮಧ್ಯಾಹ್ನ ಆಪರೇಶನ್ನು. ಹೃದಯ ತುಂಬ ಸುಸ್ತಾಗಿದೆ, ನೋಡಬೇಕಾದವರೆಲ್ಲ ಅದಕ್ಕೆ ಮೊದಲೇ ಬಂದು ನೋಡಿಬಿಡಿ ಎಂದು ಡಾಕ್ಟರು ಹೇಳಿದ್ದರಂತೆ. ಐಸಿಯುವಿನಲ್ಲಿ ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ಒಳಗೆ ಬಿಡುತ್ತಾರೆ. 'ಅಮ್ಮ ದೊಡ್ಡಮ್ಮನನ್ನೇ ಕೇಳ್ತಾ ಇದ್ದಾಳೆ' ಎಂದ.

ಅತ್ತೆ ಪೂಜೆಗೆ ಕೂತಿದ್ದರು. ನಾನು ದೂರದಲ್ಲೇ ನಿಂತು ಹೇಳಿದೆ. ಅವರು ಕೈಯಲ್ಲಿದ್ದ ಹೂವನ್ನು ದೇವರ ಮೇಲೆ ಇಟ್ಟರು. ಗಂಡ ಬೆಳಗಿನ ಶಿಫ್ಟಿನಲ್ಲಿದ್ದರು, ಫ್ಯಾಕ್ಟರಿಯೊಳಗೆ ಫೋನು ಒಯ್ಯುವ ಹಾಗಿಲ್ಲ. ಕಾರಿನವನಿಗೆ ಫೋನು ಮಾಡಿದರೆ, ರಾತ್ರಿಯ ಮಳೆಗೆ ಶೀಳಫಾಟಾ ರಸ್ತೆ ತುಂಬಿದೆ, ಮಧ್ಯಾಹ್ನಕ್ಕೆ ಮುಂಚೆ ಮುಟ್ಟುವ ಗ್ಯಾರಂಟಿ ಇಲ್ಲ ಎಂದ. ಆಗ ಅತ್ತೆಯೇ, 'ರೈಲು ಉಂಟಲ್ಲ' ಎಂದರು.

'ಈಗ ಪೀಕ್ ಅವರ್ ಅತ್ತೆ. ನಿಮಗೆ ಆಗ್ಲಿಕ್ಕಿಲ್ಲ' ಎಂದೆ.

'ನಿನಗೆ ದಿನಾ ಆಗ್ತದೆ. ನನಗೆ ಒಂದು ದಿನ ಆಗುದಿಲ್ವಾ?' ಎಂದು ಎದ್ದು ಚಪ್ಪಲಿ ಹುಡುಕಿದರು. ಪೂಜೆ ಅರ್ಧಕ್ಕೇ ನಿಂತಿತ್ತು. ಅಷ್ಟು ವರ್ಷಗಳಲ್ಲಿ ನಾನು ಅಂಥದ್ದನ್ನು ಕಂಡದ್ದು ಅದೇ ಮೊದಲು. ನನಗೆ ಹೆದರಿಕೆ ಹುಟ್ಟಿದ್ದು ಆಪರೇಶನ್ನಿನ ಸುದ್ದಿಯಿಂದಲ್ಲ, ಆ ಅರ್ಧ ಪೂಜೆಯಿಂದ.

ರಿಕ್ಷಾದಲ್ಲಿ ಹೋಗುವಾಗ ನನ್ನ ವಿದ್ಯೆಯನ್ನೆಲ್ಲ ಧಾರೆಯೆರೆದೆ. ಎದುರು ನಿಲ್ಲಬೇಡಿ, ದೂಡಿದರೆ ದೂಡಿಸಿಕೊಳ್ಳಿ, ಕೈ ಮಡಚಿ ಎದೆಯ ಮುಂದೆ ಇಟ್ಟುಕೊಳ್ಳಿ, ಕಾಲು ನೆಲದಿಂದ ಎದ್ದರೂ ಗಾಬರಿಯಾಗಬೇಡಿ ಎಂದೆ. ಅವರು ಪಾಠ ಕೇಳುವ ಹುಡುಗಿಯ ಹಾಗೆ ತಲೆಯಾಡಿಸಿದರು. ರೈಲು ಬಂತು. ಇಷ್ಟು ವರ್ಷ ಒಂದು ಬೆರಳೂ ಸೋಕದ ಹಾಗೆ ಕಾಪಾಡಿಕೊಂಡಿದ್ದ ಆ ಮಡಿಸೀರೆಯ ಸುತ್ತ ಡೊಂಬಿವಲಿಯ ಹೆಂಗಸರೆಲ್ಲ ಒಟ್ಟಿಗೆ ಬಂದು ಅಪ್ಪಳಿಸಿದರು. ನನಗೆ ಅತ್ತೆಯ ಬಿಳಿ ತುರುಬು ಒಮ್ಮೆ ಕಂಡಿತು, ಆಮೇಲೆ ಕಾಣಲಿಲ್ಲ. ಒಳಗೆ ಬಿದ್ದ ಮೇಲೆ ಹುಡುಕಿದರೆ ಇಬ್ಬರು ಕಾಲೇಜು ಹುಡುಗಿಯರ ಮತ್ತು ಒಬ್ಬ ನರ್ಸಿನ ನಡುವೆ ನಿಂತಿದ್ದರು. ಕೈ ಎದೆಯ ಮುಂದೆಯೇ ಇತ್ತು. ನಾನು ಹೇಳಿಕೊಟ್ಟಂತೆಯೇ.

ನಾನು ಅವರ ಹತ್ತಿರ ಹೋಗಲು ಎಷ್ಟು ಒದ್ದಾಡಿದರೂ ಆಗಲಿಲ್ಲ. ನಡುವೆ ಎರಡೇ ತಲೆ, ಆದರೂ ಅಷ್ಟು ದೂರ. ಕೋಪರ್ ಆಯಿತು, ದಿವಾ ಆಯಿತು, ಮತ್ತಷ್ಟು ಜನ. ಮುಂಬ್ರಾದಲ್ಲಿ ಬುರ್ಖಾ ಹಾಕಿದ ಒಬ್ಬಳು ಹುಡುಗಿ ಬೆನ್ನಿಗೆ ಕಾಲೇಜಿನ ಚೀಲ ಸಮೇತ ಒಳಗೆ ಬಂದು ಬಿದ್ದಳು, ಸರಿಯಾಗಿ ಅತ್ತೆಯ ಎದುರಿಗೆ. ಕಳವಾ ಬರುವುದರೊಳಗೆ ರೈಲಿಗೆ ಗಕ್ಕನೆ ಬ್ರೇಕ್ ಬಿತ್ತು. ಇಡೀ ಡಬ್ಬ ಮುಂದಕ್ಕೆ ವಾಲಿತು. ಮೇಲಿನ ಹಿಡಿಕೆ ಎಟುಕದ ಅತ್ತೆ ವಾಲಿದ್ದನ್ನು ಕಂಡು ನಾನು ಕೂಗಿಯೇಬಿಟ್ಟೆ. ಆ ಹುಡುಗಿ ಒಂದು ಕೈಯಿಂದ ಕಂಬ ಹಿಡಿದು, ಇನ್ನೊಂದು ಕೈಯನ್ನು ಅತ್ತೆಯ ಸೊಂಟದ ಸುತ್ತ ಹಾಕಿ ಎಳೆದು ನಿಲ್ಲಿಸಿದಳು. 'ದಾದೀ, ಮುಝೇ ಪಕಡೋ. ಟೈಟ್ ಪಕಡೋ' ಎಂದಳು.

ಅತ್ತೆ ಹಿಡಿದುಕೊಂಡರು. ಒಂದು ಕೈಯಿಂದಲ್ಲ, ಎರಡೂ ಕೈಯಿಂದ. ಆ ಹುಡುಗಿಯ ಭುಜಕ್ಕೆ ಹಣೆ ಆನಿಸಿದರು. ಮೊದಲು ಆಯಾಸ ಅಂದುಕೊಂಡೆ. ಆಮೇಲೆ ಅವರ ಬೆನ್ನು ಅಲುಗುವುದು ಕಂಡಿತು. ಮನೆಯಲ್ಲಿ ಸುದ್ದಿ ಕೇಳಿದಾಗ ಬಾರದ ಅಳು ಅಲ್ಲಿ, ಹಿಡಿದುಕೊಳ್ಳಲು ಒಬ್ಬರು ಸಿಕ್ಕಿದ ಮೇಲೆ ಬಂತು. ಮನೆಯಲ್ಲಿ ನಾನು ದೂರ ನಿಂತೇ ಸುದ್ದಿ ಹೇಳಿದ್ದೆ, ಅವರು ದೂರ ಕೂತೇ ಕೇಳಿದ್ದರು. 'ಕ್ಯಾ ಹುವಾ ದಾದೀ?' ಎಂದಳು ಹುಡುಗಿ. ಅತ್ತೆ ತಮ್ಮ ಹಿಂದಿಯಲ್ಲಿ, 'ಮೇರಾ ಬಹೆನ್. ಛೋಟಾ. ಹಾಸ್ಪಿಟಲ್ ಮೇ' ಎಂದರು. ಠಾಣೆ ಬಂದಾಗ ಆ ಹುಡುಗಿಯೇ, 'ಉತರ್ನೇ ದೋ, ದಾದೀ ಕೋ ಉತರ್ನೇ ದೋ' ಎಂದು ದಾರಿ ಮಾಡಿ, ಅವರನ್ನು ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಿಸಿ, ಭುಜದಿಂದ ಜಾರಿದ ಸೆರಗನ್ನು ಸರಿಮಾಡಿ, ನನಗೆ ಒಪ್ಪಿಸಿ ಕಾಲೇಜಿಗೆ ಓಡಿದಳು.

ನೆರೂಳಿನ ರೈಲಿನಲ್ಲಿ ಕೂರಲು ಜಾಗ ಸಿಕ್ಕಿತು. ಅತ್ತೆ ಕಿಟಕಿಯ ಪಕ್ಕ ಕೂತರು. ಐರೋಳಿ ದಾಟಿದ ಮೇಲೆ ಒಂದೇ ಮಾತು: 'ಆ ಹುಡುಗಿಯ ಹೆಸರು ಕೇಳ್ಲಿಲ್ಲ ಮಾರಾಯ್ತಿ.' ನಾನೂ ಕೇಳಿರಲಿಲ್ಲ. ಮೈಲಿಗೆ, ಸ್ನಾನ, ಇಂಥ ಮಾತೇನಾದರೂ ಬರುತ್ತದೆಯೋ ಎಂದು ಕಾದೆ. ಬರಲಿಲ್ಲ.

ಆಸ್ಪತ್ರೆಯಲ್ಲಿ ಚಿಕ್ಕಮ್ಮನ ಮಗ ಬಾಗಿಲಲ್ಲೇ ಕಾಯುತ್ತಿದ್ದ. ಐಸಿಯುವಿನ ಸಿಸ್ಟರು ಗಟ್ಟಿಗಿತ್ತಿ. ಒಬ್ಬರೇ ಒಳಗೆ, ಚಪ್ಪಲಿ ಹೊರಗೆ, ಮೊಣಕೈಯವರೆಗೆ ಸೋಪು ಹಾಕಿ ಕೈ ತೊಳೆಯಬೇಕು, ಮೇಲಿಂದ ಗೌನು, ತಲೆಗೆ ಟೋಪಿ, ಬಾಯಿಗೆ ಮಾಸ್ಕು, ತೊಳೆದ ಮೇಲೆ ಯಾವುದನ್ನೂ ಮುಟ್ಟಕೂಡದು ಎಂದು ಹಿಂದಿಯಲ್ಲಿ ಗಡಗಡ ಹೇಳಿದಳು. ಬರುವವರು ಯಾರೂ ಸರಿಯಾಗಿ ಮಾಡುವುದಿಲ್ಲ, ಸೋಂಕು ತಗಲಿದರೆ ಕೊನೆಗೆ ಬೈಸಿಕೊಳ್ಳುವುದು ತಾನು ಎಂದು ಅವಳ ಸಂಕಟ. ನಾನು ಕನ್ನಡದಲ್ಲಿ ಬಿಡಿಸಿ ಹೇಳಲು ಹೊರಟರೆ ಅತ್ತೆ ಕೈಯೆತ್ತಿ ತಡೆದರು. 'ಹೇಳುದು ಬೇಡ, ಗೊತ್ತಾಯ್ತು. ಇವರದ್ದೂ ಮಡಿಯೇ ಅಲ್ವಾ?' ಎಂದರು.

ಆಮೇಲೆ ನಡೆದದ್ದನ್ನು ನಾನು ನೋಡುತ್ತಲೇ ನಿಂತೆ. ಬೆರಳ ಸಂದು, ಉಗುರಿನ ಬುಡ, ಮಣಿಕಟ್ಟು, ಮೊಣಕೈ, ಎಲ್ಲ ಕ್ರಮವಾಗಿ ಉಜ್ಜಿ ತೊಳೆದರು. ನಲ್ಲಿಯನ್ನು ತೊಳೆದ ಕೈಯಿಂದ ಮುಟ್ಟದೆ ಮೊಣಕೈಯಿಂದ ನಿಲ್ಲಿಸಿದರು. ಗೌನಿನೊಳಗೆ ತೋಳು ತೂರಿಸಿ, ಹಿಂದಿನ ದಾರ ಕಟ್ಟಲು ಸಿಸ್ಟರಿಗೆ ಬೆನ್ನು ಕೊಟ್ಟು ನಿಂತರು. ಎರಡೂ ಕೈ ಎದೆಯ ಎತ್ತರಕ್ಕೆ ಹಿಡಿದು, ಬಾಗಿಲಿಗಾಗಲಿ ಪರದೆಗಾಗಲಿ ಟ್ರಾಲಿಗಾಗಲಿ ಸೆರಗಿನ ಅಂಚೂ ತಾಗದ ಹಾಗೆ ನಡೆದರು. ನಮ್ಮ ಪ್ಯಾಸೇಜಿನಲ್ಲಿ ನಡೆದು ನಡೆದು ಬಂದ ನಡಿಗೆ ಅದು. ಬೆಳಿಗ್ಗೆ ಬೆಳಿಗ್ಗೆ ಯಾವುದನ್ನು ನೋಡಿ ನಾನು ಹಲ್ಲು ಕಡಿಯುತ್ತಿದ್ದೆನೋ ಅದನ್ನೇ ನೋಡಿ ಅವತ್ತು ಹೆಮ್ಮೆಯಿಂದ ಉಬ್ಬಿದೆ. ಸಿಸ್ಟರು ನನ್ನ ಕಡೆ ತಿರುಗಿ, 'ಅಮ್ಮಾ ಪಹಲೇ ನರ್ಸ್ ಥೀ ಕ್ಯಾ?' ಎಂದು ಕೇಳಿದಳು, ಅಮ್ಮ ಮೊದಲು ನರ್ಸಾಗಿದ್ದರಾ ಎಂದು. ಅದೇ ಖುಷಿಗೋ ಏನೋ, ನನ್ನನ್ನೂ ಬಾಗಿಲ ಹೊಸ್ತಿಲ ತನಕ ಬಂದು ನಿಲ್ಲಲು ಬಿಟ್ಟಳು.

ಚಿಕ್ಕಮ್ಮನ ಮಂಚ ಬಾಗಿಲಿಗೆ ಹತ್ತಿರದ್ದೇ. ಕೈಗೆ, ಮೂಗಿಗೆ, ಎದೆಗೆ ಎಲ್ಲ ಕಡೆ ನಳಿಕೆ. ಮುಖ ಬಾಡಿ ಚಿಕ್ಕದಾಗಿತ್ತು. ಅತ್ತೆ ಮಂಚದ ಪಕ್ಕ ಹೋಗಿ ನಿಂತರು. ಸಿಸ್ಟರು 'ಅಬ್ ಹಾತ್ ಲಗಾ ಸಕತೇ ಹೋ' ಎಂದಳು, ಈಗ ಮುಟ್ಟಬಹುದು ಎಂದು. ಅತ್ತೆಯ ಕೈ ಮುಂದೆ ಹೋಯಿತು, ತಂಗಿಯ ಹಣೆಯ ಹತ್ತಿರ ಹೋಗಿ ನಿಂತುಬಿಟ್ಟಿತು. ನಡುವೆ ಒಂದಿಂಚು ಇದ್ದಿರಬಹುದು. ಮುಟ್ಟಬಾರದೆಂಬ ಅಭ್ಯಾಸ ಕೈಯಲ್ಲಿ ಕೂತದ್ದು ಅಷ್ಟು ಸುಲಭಕ್ಕೆ ಏಳುವುದಿಲ್ಲ. ಹೊಸ್ತಿಲಲ್ಲಿ ನಿಂತು ನನಗೆ ಆ ಒಂದಿಂಚನ್ನು ನೋಡಲಿಕ್ಕಾಗಲಿಲ್ಲ. ಇಷ್ಟು ದೂರ ಬಂದು, ಇಷ್ಟು ಮೈ ತಾಗಿಸಿಕೊಂಡು ಬಂದು, ಇಲ್ಲಿ ನಿಂತರೆ ಹೇಗೆ?

ಚಿಕ್ಕಮ್ಮ ಕಣ್ಣು ತೆರೆದರು. ಗೌನು, ಟೋಪಿ, ಮಾಸ್ಕಿನ ನಡುವೆಯೂ ಅಕ್ಕನನ್ನು ಗುರುತು ಹಿಡಿದರು. ಎತ್ತಿ ಹಿಡಿದ ಆ ಕೈಯನ್ನು ನೋಡಿದರು. ಕೇಳಿಸುವುದೋ ಇಲ್ಲವೋ ಎಂಬಷ್ಟು ಸಣ್ಣ ಸ್ವರದಲ್ಲಿ, 'ಅಕ್ಕಾ, ಮಡಿಯಾ?' ಎಂದರು.

ಅಷ್ಟು ವರ್ಷಗಳಲ್ಲಿ ಅತ್ತೆ ಅವತ್ತಿನಷ್ಟು ಶುದ್ಧವಾಗಿ ಯಾವತ್ತೂ ಇದ್ದಿರಲಿಕ್ಕಿಲ್ಲ, ಡಾಕ್ಟರರ ಲೆಕ್ಕದಲ್ಲೂ. ಅವರು ಅಡ್ಡಡ್ಡ ತಲೆಯಾಡಿಸಿದರು. 'ಇಲ್ಲ ಮಾರಾಯ್ತಿ, ಪೂರಾ ಮೈಲಿಗೆ. ಲೋಕಲ್ ರೈಲಲ್ಲಿ ಬಂದದ್ದು, ಯಾರೆಲ್ಲ ಮುಟ್ಟಿದ್ದಾರೆ ಗೊತ್ತುಂಟಾ' ಎಂದು ಹೇಳಿ, ಅಂಗೈಯನ್ನು ಪೂರ್ತಿ ತಂಗಿಯ ಹಣೆಯ ಮೇಲೆ ಇಟ್ಟರು. ಹೊತ್ತು ಮುಗಿದು ಸಿಸ್ಟರು ಬಂದು ಹೇಳುವ ತನಕ ತೆಗೆಯಲಿಲ್ಲ.

ಜೋಶಿ ಸರ್ ಹೇಳಿದ ಸಂದು ಆಗಲೂ ನಡುವೆ ಇತ್ತೋ ಏನೋ. ಇದ್ದಿರಬೇಕು, ವಿಜ್ಞಾನ ಸುಳ್ಳು ಹೇಳುವುದಿಲ್ಲ. ಅವರಿಬ್ಬರಿಗೂ ಅದು ತಿಳಿದಂತೆ ಕಾಣಲಿಲ್ಲ.

ಆಪರೇಶನ್ನು ಸರಿಯಾಯಿತು. ಚಿಕ್ಕಮ್ಮನನ್ನು ಆರೈಕೆಗೆ ಡೊಂಬಿವಲಿಗೇ ಕರೆತಂದೆವು. ಅತ್ತೆಯ ಮಡಿ ಒಂದಿಷ್ಟೂ ಸಡಿಲವಾಗಲಿಲ್ಲ. ಬೆಳಿಗ್ಗೆ ನಾವೆಲ್ಲ ಮೊದಲಿನಂತೆಯೇ ಗೋಡೆಗೆ ಅಂಟುತ್ತೇವೆ. ಆದರೆ ಅವರು ಸ್ನಾನ ಮುಗಿಸಿ ಹೊರಬರುವ ಹೊತ್ತಿಗೇ ಚಿಕ್ಕಮ್ಮನೂ ಹಾಸಿಗೆಯಿಂದ ಏಳಲು ನೋಡುತ್ತಾರೆ. ಅತ್ತೆ ಹೋಗಿ ತೋಳು ಹಿಡಿದು ಎಬ್ಬಿಸುತ್ತಾರೆ, ಬಚ್ಚಲಿಗೆ ಕರೆದೊಯ್ಯುತ್ತಾರೆ, ತಂದು ಕೂರಿಸುತ್ತಾರೆ. ಆಮೇಲೆ ಇನ್ನೊಮ್ಮೆ ಮಿಂದು, ಬೇರೆ ಸೀರೆ ಉಟ್ಟು, ಪೂಜೆಗೆ ಕೂರುತ್ತಾರೆ. 'ನಾನಿದ್ದೇನಲ್ಲ ಅತ್ತೆ, ನಾನು ಹಿಡಿಯುತ್ತೇನೆ' ಎಂದು ಒಮ್ಮೆ ಹೇಳಿದೆ. 'ನೀನಿದ್ದೀ, ಗೊತ್ತುಂಟು' ಎಂದರು, ಅಷ್ಟೇ. ನಮ್ಮ ಸೊಸೈಟಿಯಲ್ಲಿ ನೀರು ಬಿಡುವುದು ಬೆಳಿಗ್ಗೆ ಸ್ವಲ್ಪ ಹೊತ್ತು. ಈಗ ನಾನು ಆ ಹೊತ್ತಿನಲ್ಲಿ ಅತ್ತೆಯ ಎರಡನೆಯ ಸ್ನಾನಕ್ಕೆ ಇನ್ನೊಂದು ಬಕೆಟ್ ತುಂಬಿಸಿ ಬಚ್ಚಲಿನಲ್ಲಿಟ್ಟು, ಆಮೇಲೆ ರೈಲಿಗೆ ಓಡುತ್ತೇನೆ.